‘ಸಂದಿ’ ಎಂಬ ಪದದ ಮೂಲವೇನು?

ಪ್ರಶ್ನೆ:
ಅಜ್ಜಿಯ ಮನೆಗೂ ಪಕ್ಕದ ಮನೆಗೂ ನಡುವೆ, ಭುಜ ಓರೆ ಮಾಡಿಕೊಂಡು ನುಸುಳಬೇಕಾದಷ್ಟು ಕಿರಿದಾಗಿದ್ದ ದಾರಿಯನ್ನು ಎಲ್ಲರೂ ‘ಸಂದಿ’ ಎನ್ನುತ್ತಿದ್ದರು. ಇದಕ್ಕೂ ವ್ಯಾಕರಣದ ಸಂಧಿಗೂ ಸಂಬಂಧವಿದೆಯೇ?

ಉತ್ತರ 1:
ಖಂಡಿತ ಇದೆ. ಸಂಸ್ಕೃತದ ‘ಸಂಧಿ’ಯ ತದ್ಭವವೇ ‘ಸಂದಿ’. ಎರಡು ವಸ್ತುಗಳು ಕೂಡುವ ಜಾಗ ಎಂಬ ಅರ್ಥವು, ಕೂಡಿದಲ್ಲಿ ಉಳಿಯುವ ಬಿರುಕಿಗೂ, ಅಲ್ಲಿಂದ ಎರಡು ಗೋಡೆಗಳ ನಡುವಿನ ದಾರಿಗೂ ಹರಡಿದೆ. ‘ಹಲ್ಲಿನ ಸಂದಿ’ ಎನ್ನುವಾಗ ಆ ನಡುವಿನ ಹಂತ ಇಂದಿಗೂ ಕಾಣುತ್ತದೆ.

ಉತ್ತರ 2:
‘ಸಂದಿಗೊಂದಿ’ಯಲ್ಲಿರುವ ‘ಗೊಂದಿ’ಯನ್ನು ಬರಿಯ ಪ್ರಾಸವೆಂದು ದಯವಿಟ್ಟು ತಳ್ಳಿಹಾಕಬೇಡಿ, ಅದು ಇಕ್ಕಟ್ಟಾದ ಓಣಿ ಎಂಬ ಸ್ವಂತ ಅರ್ಥವುಳ್ಳ ಪದ, ತೆಲುಗಿನಲ್ಲಿಯೂ ಇದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಅಜ್ಜಿಯ ಸಂಧಿವಾತವೂ ಆ ಸಂದಿಯೂ ಒಂದೇ ಪದದಿಂದ ಬಂದವು. ಇಬ್ಬರಿಗೂ ಧನ್ಯವಾದಗಳು.