ಇಬ್ಬರೇ ಆಡೋ ಹಾರರ್ ಬೋರ್ಡ್ ಗೇಮ್: ಆಡಿ ಗೊತ್ತಿದ್ದವರು ಹೇಳಿ

ತುಂಗೆ_ದಡ (ತೀರ್ಥಹಳ್ಳಿ): ಮನೇಲಿ ನಾವಿಬ್ಬರೇ. ಆರ್ಕಮ್ ಹಾರರ್ ಕಾರ್ಡ್ ಗೇಮಿನ 2021ರ ರಿವೈಸ್ಡ್ ಕೋರ್ ಸೆಟ್ ಇದೆ. ಮೊದಲನೇ ಕಂತು 'ದಿ ಗ್ಯಾದರಿಂಗ್' ಎರಡು ಸಲ ಸೋತಾಯ್ತು. ನಮ್ಮನೆಯವರ ಪಾತ್ರ ರೋಲಂಡ್, ನಂದು ಡೇಸಿ. ಆದರೆ ಡೇಸಿಯನ್ನೂ ಅವರೇ ಆಡಿಸ್ತಾರೆ, ನಂದು ಕಾರ್ಡ್ ಹಿಡಿದು ಕೂರೋ ಕೆಲಸ ಅಷ್ಟೇ. ಇದನ್ನೇ ಮುಂದುವರಿಸೋದಾ, ಹಾರಿಫೈಡ್ ತಗೊಳ್ಳೋದಾ, ಮ್ಯಾನ್ಷನ್ಸ್ ಆಫ್ ಮ್ಯಾಡ್ನೆಸ್ಸಾ? ಮಳೆ ಹಿಡಿಯೋದರೊಳಗೆ ತೀರ್ಮಾನ ಆಗ್ಬೇಕು.

ಕೊಡಚಾದ್ರಿ_ಕಣಿವೆ: ಎರಡೇ ಸಲ ಸೋತಿದ್ದಕ್ಕೆ ಆಟ ಬದಲಾಯಿಸ್ತೀರಾ? ಸೋಲೋದು ಲೆಕ್ಕ ತಪ್ಪೋದರಿಂದ. ಪ್ರತಿ ಪರೀಕ್ಷೆಗೂ ಚೀಲದಿಂದ ಒಂದು ಟೋಕನ್ ತೆಗೆದು ನಿಮ್ಮ ಅಂಕೆಗೆ ಸೇರಿಸ್ತೀರಲ್ಲ, ಸ್ಟ್ಯಾಂಡರ್ಡ್ (ಮಾಮೂಲಿ ಕಷ್ಟದ) ಚೀಲದಲ್ಲಿ ಅವು 16: +1 ಒಂದು, 0 ಎರಡು, -1 ಮೂರು, -2 ಎರಡು, -3 ಒಂದು, -4 ಒಂದು, ತಲೆಬುರುಡೆ ಎರಡು, ಕಲ್ಟಿಸ್ಟ್, ಟ್ಯಾಬ್ಲೆಟ್, ತೆಗೆದರೆ ಸೋಲೇ ಅನ್ನೋ ಗ್ರಹಚಾರದ ಟೆಂಟಕಲ್, ಎಲ್ಡರ್ ಸೈನ್. ಜಾಗದಲ್ಲಿ ಘೂಲ್ (ಹೆಣ ತಿನ್ನೋ ಪಿಶಾಚಿ) ಇಲ್ಲ ಅಂತಿಟ್ಕೊಳ್ಳಿ. ನಿಮ್ಮ ಅಂಕೆ ಪರೀಕ್ಷೆಯ ಅಂಕೆಗೆ ಸಮ ಇದ್ದರೆ ಗೆಲ್ಲೋದು 16ರಲ್ಲಿ 6 ಸಲ. ಒಂದು ಹೆಚ್ಚಿದ್ದರೆ 10. ಎರಡು ಹೆಚ್ಚಿದ್ದರೆ 13. ಸಮಕ್ಕೆ ಕೈ ಹಾಕೋದು ಮೂರ್ಖತನ, ಮೂರು ಹೆಚ್ಚು ಮಾಡೋಕೆ ಕಾರ್ಡ್ ಸುಡೋದು ದುಂದು. ಎರಡು ಹೆಚ್ಚು, ಅಷ್ಟಕ್ಕೆ ನಿಲ್ಲಿಸಿ.

ಇನ್ನು ದಾರಿ. ಮೊದಲ ಕೋಣೆ ಸ್ಟಡಿಯಲ್ಲಿ ಇಬ್ಬರಿಗೆ 4 ಕ್ಲೂ (ಸುಳಿವು), ಶ್ರೌಡ್ (ಸುಳಿವು ಹುಡುಕೋ ಪರೀಕ್ಷೆಯ ಅಂಕೆ) 2. ಡೇಸಿಯ ಬುದ್ಧಿ 5, ಅದು ನೀರು ಕುಡಿದಷ್ಟು ಸಲೀಸು. ಆಮೇಲೆ ಬ್ಯಾರಿಯರ್ ಅನ್ನೋ ತಡೆ ದಾಟೋಕೆ 6 ಕ್ಲೂ ಬೇಕು. ಅಟ್ಟದಲ್ಲಿ 4 ಇದೆ, ಶ್ರೌಡ್ ಬರೀ 1, ಆದರೆ ಕಾಲಿಟ್ಟ ಕೂಡಲೇ 1 ಹಾರರ್ (ಮನಸ್ಸಿಗೆ ಪೆಟ್ಟು). ನೆಲಮಾಳಿಗೆಯಲ್ಲೂ 4, ಶ್ರೌಡ್ 4, ಒಳಗೆ ಹೋದರೆ 1 ಡ್ಯಾಮೇಜ್ (ಮೈಗೆ ಪೆಟ್ಟು). ಡೇಸಿಗೆ ಮನಸ್ಸು 9, ಮೈ 5. ರೋಲಂಡ್ ಇದರ ತಿರುಗುಮುರುಗು. ಹಾಗಾಗಿ ಅಟ್ಟ ಪೂರಾ ಡೇಸಿಗೆ, ಕೆಳಗೆ ರೋಲಂಡ್. ಅಲ್ಲಿ ಘೂಲ್ ಕೊಂದರೆ ಸುತ್ತಿಗೆ ಒಂದರಂತೆ ಪರೀಕ್ಷೆಯಿಲ್ಲದೆ ಕ್ಲೂ ಸಿಗುತ್ತೆ. ಬೇಕಾಗಿರೋದು ಎರಡೇ. ಎಂಟೂ ಬಾಚೋಕೆ ಹೋದವರು ಸುತ್ತು ಸುತ್ತಿಗೂ ಏರೋ ಅಪಾಯದ ಎಣಿಕೆ, ಅಂದರೆ ಡೂಮ್‌ಗೆ ಸಿಕ್ಕಿಬೀಳ್ತಾರೆ. ಸುತ್ತು ಮುಗಿಯೋ ಹೊತ್ತಿಗೆ ಕ್ಲೂ ಹಿಡಿದವರು ಹಾಲ್‌ವೇಯಲ್ಲೇ ಇರಬೇಕು. ಒಬ್ಬರು ಅಟ್ಟದಲ್ಲೇ ಉಳಿದರೆ ಇಡೀ ಸುತ್ತು ದಂಡ.

ಜೋಗದ_ಹನಿ (ಸಾಗರ): ಗಣಿತ ಮೇಷ್ಟ್ರು ಬಂದ್ರು ನೋಡಿ. ಈ ಲೆಕ್ಕದ ಕಾಟಕ್ಕೇ ನಮ್ಮಲ್ಲಿ ಆರ್ಕಮ್ ಮಾರಿ ಹಾರಿಫೈಡ್ ತಂದಿದ್ದು. ಅರ್ಧ ಬೆಲೆಗೂ ಹೋಗಲಿಲ್ಲ, ಕಾರ್ಡಿಗೆ ಸ್ಲೀವ್ (ಪ್ಲಾಸ್ಟಿಕ್ ಕವಚ) ಹಾಕಿದ್ದಕ್ಕೆ ಒಂದು ರೂಪಾಯಿಯೂ ಸಿಗಲಿಲ್ಲ. ಇರಲಿ. ಹಾರಿಫೈಡ್ 2019ರದ್ದು, ಡ್ರಾಕುಲಾ, ಮಮ್ಮಿ, ತೋಳಮನುಷ್ಯ ಎಲ್ಲ ಸೇರಿ ಆರು ಥರದ ಸವಾಲು. ಮೊದಲು ಎರಡನ್ನೇ ಇಟ್ಟು ಆಡಿ. ಮಾನ್‌ಸ್ಟರ್ ಕಾರ್ಡ್ 30, ಸರದಿಗೊಂದು ತೆಗೀಬೇಕು, ಅಂದರೆ ಇಬ್ಬರಿಗೆ ಹೆಚ್ಚುಕಮ್ಮಿ ತಲಾ 15 ಸರದಿ. ಕಾರ್ಡ್ ಖಾಲಿಯಾದರೂ ಸೋಲು, ಟೆರರ್ (ಊರಿನ ಭೀತಿಯ ಅಂಕೆ) 7 ಮುಟ್ಟಿದರೂ ಸೋಲು. ಜನ ಟೆರರ್ ಒಂದನ್ನೇ ನೋಡ್ಕೊಂಡು ಊರವರನ್ನ ಕಾಯ್ತಾ ಕೂತು ಕಾರ್ಡ್ ಮುಗಿಸ್ತಾರೆ. ಡ್ರಾಕುಲಾಗೆ ನಾಲ್ಕು ಶವಪೆಟ್ಟಿಗೆ ಒಡೀಬೇಕು, ಒಂದೊಂದಕ್ಕೂ ಕೆಂಪು ವಸ್ತುಗಳ ಬಲ ಒಟ್ಟು 6 ಬೇಕು. ಇಬ್ಬರೂ ಕೆಂಪೇ ಗುಡ್ಡೆ ಹಾಕಿದರೆ ಕೊನೇ ಏಟಿಗೆ ಹಳದಿ ಇರಲ್ಲ. ಹೊಡೆತ ತಡೆಯೋಕೂ ವಸ್ತುವನ್ನೇ ಕಳ್ಕೊಬೇಕು, ಆದ್ದರಿಂದ ತಡೆಯೋಕೆ 1, 2ರ ಸಣ್ಣವನ್ನು ಕೈಯಲ್ಲಿಟ್ಟಿರಿ.

ಕೊಡಚಾದ್ರಿ_ಕಣಿವೆ: ಹಾರಿಫೈಡ್ ಹಾರರ್ರೇ ಅಲ್ಲ ಮಾರಾಯ್ರೆ. ವೇಷ ಹಾಕಿದ ಚೌಕಾಬಾರ. ಎಲ್ಲರ ವಸ್ತುವೂ ಮೇಜಿನ ಮೇಲೆ ಬಿಚ್ಚಿಟ್ಟಿರುತ್ತೆ. ಒಬ್ಬರು ಇಬ್ಬರದ್ದನ್ನೂ ಆಡಿಸೋಕೆ ಅದಕ್ಕಿಂತ ಸಲೀಸಾದ ಆಟ ಇಲ್ಲ.

ಜೋಗದ_ಹನಿ: ಚೌಕಾಬಾರ ಆಡಿ ಸೋತವರೇ ಹೀಗೆ ಹೇಳೋದು.

ಸಕ್ರೆಬೈಲು_ಬಸ್: ಇಬ್ಬರೂ ಮಳೆ ಮರೆತಿದ್ದೀರಿ. ಯಾವ ಆಟವಾದರೂ ಜುಲೈನಲ್ಲಿ ಆಳೋದು ಬೂಷ್ಟು. ಕಾರ್ಡಿನ ಒಂದೇ ಮಗ್ಗುಲು ತೇವ ಕುಡಿದರೆ ಹಪ್ಪಳದ ಥರ ಬಾಗುತ್ತೆ. ಹಂಡೆ ಒಲೆ ಪಕ್ಕ ಒಣಗಿಸಬೇಡಿ, ಆ ಕಡೆ ಬೇಗ ಒಣಗಿ ಉಲ್ಟಾ ಬಾಗುತ್ತೆ, ಬೋರ್ಡಿನ ಮೇಲ್ಪದರ ಬಿಟ್ಟುಕೊಳ್ಳುತ್ತೆ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಯಿಸೋದೇ ತಗೊಳ್ಳಿ, ಯಾವಾಗ ಒಣಗಿಸ್ಬೇಕು ಅಂತ ಗೊತ್ತಾಗುತ್ತೆ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತೆ, ಅಡುಗೆ ಬಾಣಲೆಗೆ ಹಾಕಬೇಡಿ, ಕಿತ್ತಳೆ ಬಣ್ಣದ್ದು ವಾಸಿ.

ಸ್ಲೀವ್: ಆರ್ಕಮ್ ಕಾರ್ಡ್ 63.5×88 ಮಿ.ಮೀ. ಒಂದು ಡೆಕ್ (ಒಬ್ಬರ ಕಾರ್ಡ್ ಕಟ್ಟು) ಅಂದರೆ 30, ಮೇಲೆ ಪಾತ್ರದ ಸ್ವಂತದ್ದೆರಡು, ದೌರ್ಬಲ್ಯದ ಕಾರ್ಡ್ ಅಂದರೆ ಬೇಸಿಕ್ ವೀಕ್‌ನೆಸ್ ಒಂದು, ಒಟ್ಟು 33. ಇಬ್ಬರಿಗೆ 66. ನೂರರ ಪ್ಯಾಕ್ ತಗೊಂಡರೆ 34 ಮಿಗುತ್ತೆ. ಅದನ್ನು ಎನ್‌ಕೌಂಟರ್ ಕಾರ್ಡಿಗೆ (ಆಟವೇ ನಿಮ್ಮ ಮೇಲೆ ಬಿಡೋ ಅಪಾಯದ ಕಾರ್ಡ್) ಹಾಕಿ ಮುಗಿಸಬೇಡಿ. ಮುಂದೆ ಕತೆಯಿಂದ ಬರೋ ಕಾರ್ಡ್, ಎಕ್ಸ್‌ಪೀರಿಯನ್ಸ್ ಕೊಟ್ಟು ಕೊಂಡಿದ್ದು ಡೆಕ್ಕಿಗೆ ಸೇರುತ್ತೆ, ಆಗ ಅದೇ ಸ್ಲೀವ್ ಬೇಕು. ಮ್ಯಾಟ್ ಮೇಲ್ಮೈಯದ್ದೇ ಆಗಲಿ. ಕರೆಂಟ್ ಹೋದಾಗ ಎಮರ್ಜೆನ್ಸಿ ಲೈಟಿಗೆ ಹೊಳಪಿನದು ಕನ್ನಡಿ ಥರ ಮಿಂಚಿ ಅಕ್ಷರ ಕಾಣಲ್ಲ.

ಕವಲೇದುರ್ಗ_ಕೋಟೆ: ಮ್ಯಾನ್ಷನ್ಸ್ ಎರಡನೇ ಆವೃತ್ತಿ (2016) ಬಗ್ಗೆ ಯಾರೂ ಹೇಳ್ತಾ ಇಲ್ಲ, ಬೆಲೆ ನೋಡಿ ಓಡಿದಿರಿ ಅನ್ಸುತ್ತೆ. ಅದು ಆ್ಯಪ್ ಇಲ್ಲದೆ ನಡೆಯಲ್ಲ. ನೆಟ್ ಇದ್ದಾಗಲೇ ಇಳಿಸಿಟ್ಟು, ಫೋನಿನ ಬದಲು ಟ್ಯಾಬ್‌ನಲ್ಲಿ, ಚಾರ್ಜ್ ತುಂಬಿಸಿ ಕೂರಿ. ಮುಂದೇನು ಬರುತ್ತೆ ಅಂತ ಆ್ಯಪ್‌ಗೆ ಮಾತ್ರ ಗೊತ್ತು, ಹಾಗಾಗಿ ಗಂಡನ ಪಾಂಡಿತ್ಯ ಅಲ್ಲಿ ಅರ್ಧ ಬೇಯೋಲ್ಲ.

ಗೊಂಬೆಗಳ ಪಾದ ದೊಡ್ಡ ತಲೆನೋವು. ರಾಕ್ಷಸರ ಟೋಕನ್ ಪಾದದೊಳಗೆ ಬಿಗಿಯಾಗಿ ಕೂರುತ್ತೆ, ಒತ್ತಿದರೆ ಅಂಚು ಕೀಳುತ್ತೆ. ಗೊಂಬೆಯ ಕಡ್ಡಿ ಮಾತ್ರ ಸಡಿಲ, ಎತ್ತಿದಾಗೆಲ್ಲ ಕಳಚುತ್ತೆ. ಅಂಟಿಸೋದೇ ದಾರಿ. ಆದರೆ ಸೂಪರ್ ಗ್ಲೂ ಗಾಳಿಯ ತೇವದಿಂದಲೇ ಗಟ್ಟಿಯಾಗೋದು. ಮಳೆಗಾಲದಲ್ಲಿ ಹಚ್ಚಿದರೆ ಸುತ್ತ ಬೆಳ್ಳಗೆ ಬೂದಿ ಹಿಡಿದ ಹಾಗೆ ಆಗುತ್ತೆ. ಒಣ ದಿನ, ಗಾಳಿ ಆಡೋ ಜಾಗ, ಸೂಜಿಮೊನೆಯಷ್ಟೇ ಅಂಟು. ನಮ್ಮ ಸೆಟ್ಟಿನ ಎಂಟು ಗೊಂಬೆಗೆ ಈಗಲೂ ಬಿಳಿ ಪಾದರಕ್ಷೆ.

ಜೋಗದ_ಹನಿ: ಹೊರದೇಶದಿಂದ ತರಿಸಿದರೆ ಸುಂಕ 70 ಶೇಕಡ, ಅದನ್ನೂ ಹೇಳಿ.

ಸಕ್ರೆಬೈಲು_ಬಸ್: ತಪ್ಪು. 2023ರಲ್ಲಿ 60ರಿಂದ 70ಕ್ಕೆ ಏರಿಸಿದ್ದು ಕಸ್ಟಮ್ಸ್ ಕೋಡ್ 9503ಕ್ಕೆ, ಅಂದರೆ ಆಟಿಕೆಗೆ. ಮೇಜಿನ ಮೇಲೆ ಆಡೋ ಆಟಗಳದ್ದು 9504, ಅದು ಬೇರೆ. ಕೊರಿಯರ್‌ನವರು ಡಬ್ಬದ ಮೇಲೆ ಗೊಂಬೆ ಚಿತ್ರ ನೋಡಿ 9503 ಬರೀತಾರೆ, ನೀವು ಸುಮ್ನೆ ಕಟ್ತೀರಿ. ಇನ್‌ವಾಯ್ಸ್‌ನಲ್ಲಿ ಕೋಡ್ ಹಾಕಿಸಿ.

ಜೋಗದ_ಹನಿ: ಕಟ್ಟಿ ಆಗಿದೆ. ಈಗ ಹೇಳ್ತೀರಿ.

ತುಂಗೆ_ದಡ: ಸುಂಕ ಇರಲಿ, ಡೇಸಿ ವಿಷಯ?

ಕೊಡಚಾದ್ರಿ_ಕಣಿವೆ: ಅವರಿಗೆ ನಿಯಮವೇ ಲಗಾಮು. ನಿಮ್ಮ ಪರೀಕ್ಷೆಗೆ ಅವರು ಕೊಡಬಹುದಾದ್ದು ಒಂದೇ ಕಾರ್ಡ್, ಅದೂ ಒಂದೇ ಜಾಗದಲ್ಲಿ ಇದ್ದರೆ, ಟೋಕನ್ ತೆಗೆಯೋ ಮುಂಚೆ. ಅವರು ನೆಲಮಾಳಿಗೆ, ನೀವು ಅಟ್ಟ. ಕೊಡೋಕೆ ಏನೂ ಇರಲ್ಲ. ಜೊತೆಗೆ, ನಿಮಗೆ ಅಂಟಿಕೊಂಡ ಘೂಲ್‌ಗೆ ರೋಲಂಡ್ ದೂರದಿಂದ ಧೈರ್ಯ ತೋರಿಸಿ ಹೊಡೆದು ತಪ್ಪಿದರೆ ಏಟು ನಿಮಗೇ ಬೀಳುತ್ತೆ. ಮೊದಲು ಎಂಗೇಜ್ ಮಾಡಿ ತಮ್ಮ ಮೈಮೇಲೆ ಎಳ್ಕೊಳ್ಳಲಿ.

ಕವಲೇದುರ್ಗ_ಕೋಟೆ: ದೂರದಿಂದ ಎಂತದು? ಒಂದೇ ಜಾಗದಲ್ಲಿ ಇದ್ದರೆ ಮಾತ್ರ ಹೊಡೆಯೋಕಾಗೋದು. ಅವರು ನೆಲಮಾಳಿಗೆ, ಇವರು ಅಟ್ಟ ಅಂತ ನೀವೇ ಮೇಲೆ ಬರೆದಿದ್ದೀರಿ.

ಕೊಡಚಾದ್ರಿ_ಕಣಿವೆ: 'ಎಂಗೇಜ್ ಆಗದೆ' ಅನ್ನೋ ಅರ್ಥದಲ್ಲಿ ಬರೆದದ್ದು. ಹಾಲ್‌ವೇಯಲ್ಲಿ ಸೇರಿದಾಗಿನ ಮಾತು. ಅಕ್ಷರ ಹಿಡಿದು ಜಗ್ಗಬೇಡಿ.

ಕವಲೇದುರ್ಗ_ಕೋಟೆ: ಎಂಗೇಜ್‌ಗೆ ಒಂದು ಆ್ಯಕ್ಷನ್ ಹೋಗುತ್ತೆ. ಸರದಿಗೆ ಸಿಗೋ ಮೂರರಲ್ಲಿ ಒಂದು. ಅದನ್ನ ಬರೀಲಿಲ್ಲ.

ಜೋಗದ_ಹನಿ: ಇದಕ್ಕೇ ಮಾರಿದ್ದು.

ಸಕ್ರೆಬೈಲು_ಬಸ್: @ತುಂಗೆ_ದಡ, ಎರಡೂ ಡೆಕ್ ಅದಲುಬದಲು ಮಾಡಿ ನೋಡಿ. ರೋಲಂಡ್ ನಿಮಗೆ. ಪಿಸ್ತೂಲಿನ ಸರದಿ ಬಂದಾಗ ಯಾರೂ ಪಕ್ಕದವರ ಮಾತು ಕೇಳಲ್ಲ. ಮತ್ತೆ, ಟೋಕನ್ ರಟ್ಟಿನದು. ಅಂಚು ಸವೆದರೆ ಬೆರಳಿಗೇ ಟೆಂಟಕಲ್ ಯಾವುದು ಅಂತ ತಿಳಿಯುತ್ತೆ. ನಾಣ್ಯ ಇಡೋ ಪ್ಲಾಸ್ಟಿಕ್ ಕ್ಯಾಪ್ಸೂಲ್ ಹಾಕಿ, ಹಾಕಿದರೆ ಹದಿನಾರಕ್ಕೂ ಹಾಕಿ. ಕೊಳ್ಳೋ ಮುಂಚೆ ಟೋಕನ್ ಅಳತೆ ಹಿಡೀರಿ.

ಜೋಗದ_ಹನಿ: ಸಿಲಿಕಾ ಎಂತಕ್ಕೆ, ಹುರಿದ ಅಕ್ಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಸಾಲದಾ? ಉಪ್ಪಿನ ಭರಣಿಗೆ ಹಾಕಲ್ವಾ?

ಸಕ್ರೆಬೈಲು_ಬಸ್: ಹಾಕಿ. ಆಗಸ್ಟ್‌ನಲ್ಲಿ ಡಬ್ಬ ತೆರೆದಾಗ ಅಕ್ಕಿಹುಳ ಲೆಕ್ಕ ಮಾಡಿ ಇಲ್ಲೇ ಬರೀರಿ.