ಕೈ ಚಿಕ್ಕದಾದರೆ ಪಿಯಾನೊ ಬಿಡಬೇಕೇ?

ಜಯನಗರದ ತಾಯಿ:
ನನ್ನ ಮಗಳಿಗೆ ಹನ್ನೊಂದು ವರ್ಷ. ಪಿಯಾನೊ ಐದನೆಯ ಗ್ರೇಡಿನ ಪರೀಕ್ಷೆಗೆ ಸಿದ್ಧವಾಗುತ್ತಿದ್ದಾಳೆ. ಕೈಯನ್ನು ಪೂರ್ತಿ ಚಾಚಿದರೂ ಆಕ್ಟೇವ್, ಅಂದರೆ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗಿನ ಅಂತರ, ಅವಳಿಗೆ ಕಷ್ಟದಿಂದ ಎಟಕುತ್ತದೆ. "ಇವಳಿಗೆ ಕಿವಿ ಇದೆ, ಕೈ ಇಲ್ಲ, ಪಿಟೀಲಿಗೆ ಸೇರಿಸಿ" ಎಂದು ಅವಳ ಶಿಕ್ಷಕರು ಹೇಳಿಬಿಟ್ಟರು. ಮಗು ಎರಡು ದಿನ ಪಿಯಾನೊದ ಹತ್ತಿರ ಹೋಗಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರದೂ ಪುಟ್ಟ ಕೈಗಳೇ, ಬೆಳೆದರೂ ಬಹಳ ದೊಡ್ಡದಾಗಲಾರದು. ಬಲ್ಲವರು ದಯವಿಟ್ಟು ತಿಳಿಸಿ.

ಸಾಧನೆಯೇ ದಾರಿ:
ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಮೇಡಂ. ಬಾರ್ಸಿಲೋನಾದ ಪಿಯಾನೊ ವಾದಕಿ ಅಲಿಸಿಯಾ ದೆ ಲರೋಚಾ (1923–2009) ಅವರ ಎತ್ತರ ಐದು ಅಡಿಗಿಂತ ಕಡಿಮೆ, ಕೈಗಳೂ ಚಿಕ್ಕವು. ಆದರೂ ಸ್ಪೇನಿನ ರಚನಕಾರ ಆಲ್ಬೆನಿಸ್‌ನ ಪಿಯಾನೊ ಕೃತಿ 'ಇಬೇರಿಯಾ' ಎಂದರೆ ಅವರ ವಾದನವೇ ಇಂದಿಗೂ ಮೊದಲು ನೆನಪಾಗುವುದು. ರಷ್ಯದ ರಚನಕಾರ ರಾಹ್ಮನಿನೋವ್‌ನ ಮೂರನೆಯ ಕಾನ್ಚೆರ್ಟೊವನ್ನೂ, ಅಂದರೆ ವಾದ್ಯವೃಂದದೊಡನೆ ನುಡಿಸುವ ಪಿಯಾನೊ ಕೃತಿಯನ್ನೂ, ಅವರು ನುಡಿಸಿದರು. ಫ್ರಾನ್ಸಿನ ಜಾಝ್ ವಾದಕ ಮಿಶೆಲ್ ಪೆಟ್ರುಚಿಯಾನಿಗೆ ಹುಟ್ಟಿನಿಂದಲೇ ಮೂಳೆ ಮುರಿಯುವ ಕಾಯಿಲೆ. ಅವನ ಎತ್ತರ ಸುಮಾರು ಮೂರು ಅಡಿ. ಕಾಲಿನಿಂದ ಒತ್ತುವ ಪೆಡಲ್ ಎಟಕದೆ ಅದಕ್ಕೊಂದು ಸಾಧನವನ್ನೇ ಜೋಡಿಸಿಕೊಂಡು ಜಗತ್ತನ್ನೆಲ್ಲ ಸುತ್ತಿದ. ಛಲವಿದ್ದರೆ ದೇಹ ಅಡ್ಡ ಬರುವುದಿಲ್ಲ. ದಿನವೂ ಬೆರಳುಗಳನ್ನು ಚಾಚುವ ಅಭ್ಯಾಸ ಮಾಡಿಸಿ.

ಮೈಸೂರು ಫಿಸಿಯೊ:
ಕೊನೆಯ ಸಾಲನ್ನು ದಯವಿಟ್ಟು ಪಾಲಿಸಬೇಡಿ. ಬೆಳೆಯುವ ಮಗುವಿನ ಬೆರಳುಗಳನ್ನು ಬಲವಂತವಾಗಿ ಚಾಚಿಸಿದರೆ ಮೂಳೆ ಉದ್ದವಾಗುವುದಿಲ್ಲ, ಸ್ನಾಯುರಜ್ಜುಗಳು ಊದಿಕೊಳ್ಳುತ್ತವೆ. ಪಿಯಾನೊದ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿಗಳಿವೆ. ಜರ್ಮನಿಯ ರಚನಕಾರ ಶೂಮನ್ ಯೌವನದಲ್ಲೇ ಬಲಗೈ ಬೆರಳಿನ ಶಕ್ತಿ ಕಳೆದುಕೊಂಡು ವೇದಿಕೆಯ ಆಸೆ ಬಿಡಬೇಕಾಯಿತು. ರಷ್ಯದ ರಚನಕಾರ ಸ್ಕ್ರಿಯಾಬಿನ್ ಮಾಸ್ಕೊದ ಸಂಗೀತ ವಿದ್ಯಾಲಯವಾದ ಕನ್ಸರ್ವೇಟರಿಯಲ್ಲಿ ರಾಹ್ಮನಿನೋವ್‌ನ ಸಹಪಾಠಿ. ರಾಹ್ಮನಿನೋವ್‌ನದು ಹನ್ನೆರಡು ಸ್ವರಗಳಾಚೆಗೂ ಹರಡುತ್ತಿತ್ತೆನ್ನುವ ಕೈ, ಸ್ಕ್ರಿಯಾಬಿನ್‌ನದು ಒಂಬತ್ತಕ್ಕೆ ತಿಣುಕುವ ಕೈ. ಲಿಸ್ಟ್ ಮತ್ತು ಬಲಾಕಿರೆವ್‌ರ ಅತಿ ಕಠಿಣ ಕೃತಿಗಳನ್ನು ಹಟ ಹಿಡಿದು ಸಾಧಿಸಲು ಹೋಗಿ ಸ್ಕ್ರಿಯಾಬಿನ್ ಬಲಗೈಯನ್ನು ಕೆಡಿಸಿಕೊಂಡ. 1894ರಲ್ಲಿ ಎಡಗೈಯೊಂದಕ್ಕೇ ಅವನು ಬರೆದ ಪ್ರೆಲ್ಯೂಡ್ ಮತ್ತು ನಾಕ್ಟರ್ನ್ ಆ ನೋವಿನ ಹಿನ್ನೆಲೆಯಲ್ಲಿ ಹುಟ್ಟಿದವು. ಕೃತಿಗಳು ಸೊಗಸಾಗಿವೆ, ಆದರೆ ಹನ್ನೊಂದರ ಮಗುವನ್ನು ಆ ದಾರಿಗೆ ಯಾರೂ ಕಳುಹಿಸಬಾರದು. ಅವಳಿಗೆ ಮುಂಗೈಯಲ್ಲಿ ನೋವು ಕಂಡರೆ ಆ ದಿನದ ಅಭ್ಯಾಸ ಅಲ್ಲಿಗೆ ನಿಲ್ಲಲಿ.

ಕಪ್ಪು ಬಿಳುಪು:
ನಾನು ಪಿಯಾನೊ ಕಲಿಸುವವಳು. ಲರೋಚಾ ಅವರ ಹೆಸರು ಬಂದಾಗಲೆಲ್ಲ ಅರ್ಧ ಸತ್ಯ ಉಳಿದುಹೋಗುತ್ತದೆ. ಅವರ ಕೈ ಚಿಕ್ಕದು ನಿಜ. ಆದರೆ ಕಿರುಬೆರಳು ಉದ್ದವಿತ್ತು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅಸಾಧಾರಣ ಅಗಲ ಬಿಚ್ಚುತ್ತಿತ್ತು. ಪೆಟ್ರುಚಿಯಾನಿಯ ದೇಹ ಪುಟ್ಟದಾಗಿತ್ತೇ ಹೊರತು ಕೈಗಳಲ್ಲ. ಕೈಯನ್ನು ಅಳೆಯುವಾಗ ಗೇಣು ಒಂದೇ ಸಾಲದು. ಹೆಬ್ಬೆರಳು ಎಷ್ಟು ಸಡಿಲ, ಅಂಗೈ ಎಷ್ಟು ಅಗಲ, ಮಣಿಕಟ್ಟು ಬಿಗಿಯದೆ ಎಷ್ಟು ಹೊತ್ತು ಇರಬಲ್ಲದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ರಚನಕಾರ ಶೋಪ್ಯಾನ್‌ನ ಎಡಗೈಯ ಅಚ್ಚು ಇಂದಿಗೂ ಉಳಿದಿದೆ. ಅದು ಭಾರಿ ಕೈಯಲ್ಲ. ಆದರೂ ತನ್ನ ಮೊದಲ ಎಟ್ಯೂಡ್‌ನಲ್ಲಿ, ಅಂದರೆ ಅಭ್ಯಾಸಕೃತಿಯಲ್ಲಿ, ಬಲಗೈಯನ್ನು ಹತ್ತು ಸ್ವರಗಳ ಅಗಲಕ್ಕೆ ಉದ್ದಕ್ಕೂ ಓಡಿಸುತ್ತಾನೆ. ಅಲ್ಲಿ ಬೆರಳುಗಳು ಚಾಚಿ ನಿಲ್ಲುವುದಿಲ್ಲ, ಇಡೀ ಕೈ ಸರಿಯುತ್ತಾ ಸಾಗುತ್ತದೆ.

ಇನ್ನು ಪಿಟೀಲಿನ ಸಲಹೆ. ಪಿಟೀಲಿನಲ್ಲಿ ಕಾಲು, ಅರ್ಧ, ಮುಕ್ಕಾಲು ಅಳತೆಯ ವಾದ್ಯಗಳಿವೆ. ಕರ್ನಾಟಕ ಸಂಗೀತದ ಪಿಟೀಲು ಪಾಠಕ್ಕೆ ಬರುವ ಮಗುವಿನ ಕೈಗೆ ಮೊದಲ ದಿನ ಸಿಗುವುದು ಅದರ ತೋಳಿಗೆ ತಕ್ಕ ವಾದ್ಯ. ಪಿಯಾನೊ ಕಲಿಯುವ ಮಗುವಿಗೆ ಮಾತ್ರ ವಯಸ್ಕರ ವಾದ್ಯವನ್ನೇ ಕೊಟ್ಟು, ಎಟಕದಿದ್ದರೆ ಕೈಯದೇ ತಪ್ಪು ಎನ್ನುತ್ತೇವೆ. ಇದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಮೆಲ್ಬರ್ನ್ ಕನ್ನಡಿಗ:
ಕಪ್ಪು ಬಿಳುಪು ಅವರು ಮುಟ್ಟಿದ ಜಾಗವೇ ಮುಖ್ಯವಾದದ್ದು. ಇಂದಿನ ಪಿಯಾನೊದಲ್ಲಿ ಆಕ್ಟೇವ್‌ನ ಅಗಲ ಸುಮಾರು 16.5 ಸೆಂಟಿಮೀಟರ್. ಹತ್ತನೆಯ ಸ್ವರ ಹಿಡಿಯಲು ಕೈ ಸುಮಾರು 21 ಸೆಂಟಿಮೀಟರ್ ಹರಡಬೇಕು. ಇಲ್ಲಿ ಆಸ್ಟ್ರೇಲಿಯಾದಲ್ಲಿ 473 ವಯಸ್ಕ ವಾದಕರ ಕೈಗಳನ್ನು ಅಳೆದು 2015ರಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ಗಂಡಸರ ಸರಾಸರಿ ಗೇಣು ಸುಮಾರು 22.6 ಸೆಂಟಿಮೀಟರ್, ಹೆಂಗಸರದು 20. ಎಂದರೆ ಗಂಡಸರಲ್ಲಿ ಹೆಚ್ಚಿನವರು ಸಲೀಸಾಗಿ ಮುಟ್ಟುವುದನ್ನು ಹೆಂಗಸರಲ್ಲಿ ಹೆಚ್ಚಿನವರು ಮುಟ್ಟಲಾರರು. ಛಲದ ಕೊರತೆ ಎಂದು ಇದನ್ನು ಕರೆಯಲು ನಾನು ಒಪ್ಪುವುದಿಲ್ಲ.

ಆ 16.5 ಎನ್ನುವುದು ಪ್ರಕೃತಿನಿಯಮವೂ ಅಲ್ಲ. ಮೊಜಾರ್ಟ್ ಕಾಲದ ಪಿಯಾನೊಗಳಲ್ಲಿ ಆಕ್ಟೇವ್ ತುಸು ಕಿರಿದು, ಕೀಗಳು ಬಹಳ ಹಗುರ, ಒತ್ತಬೇಕಾದ ಆಳವೂ ಕಡಿಮೆ. ಈಗಿನ ಅಳತೆ ಗಟ್ಟಿಯಾಗಿ ನೆಲೆ ನಿಂತದ್ದು 19ನೆಯ ಶತಮಾನದಲ್ಲಿ. ಆಮೇಲೂ ಅದನ್ನು ಬದಲಿಸಿದ ಉದಾಹರಣೆ ಇದೆ. ಯೋಸೆಫ್ ಹಾಫ್‌ಮನ್ ಬಾಲಪ್ರತಿಭೆ. ಅವನನ್ನು ತನ್ನ ಕಾಲದ ಅತ್ಯುತ್ತಮ ವಾದಕರ ಸಾಲಿನಲ್ಲಿ ಎಣಿಸುತ್ತಾರೆ. ರಾಹ್ಮನಿನೋವ್ 1909ರ ತನ್ನ ಮೂರನೆಯ ಕಾನ್ಚೆರ್ಟೊವನ್ನು ಅವನಿಗೇ ಅರ್ಪಿಸಿದ. ಆದರೆ ಹಾಫ್‌ಮನ್ ಅದನ್ನು ಸಭೆಯಲ್ಲಿ ಒಮ್ಮೆಯೂ ನುಡಿಸಲಿಲ್ಲ. ಅವನ ಕೈ ಚಿಕ್ಕದು, ಅದಕ್ಕಾಗಿ ಸ್ಟೈನ್‌ವೇ ಕಂಪನಿ ಕಿರಿದಾದ ಕೀಗಳ ಪಿಯಾನೊಗಳನ್ನೇ ಮಾಡಿಕೊಟ್ಟಿತು. ಅಷ್ಟು ದೊಡ್ಡ ಹೆಸರಿಗೆ ಸಿಕ್ಕ ಅನುಕೂಲ ಸಾಮಾನ್ಯ ಮಗುವಿಗೆ ಏಕೆ ಸಿಗಬಾರದು? ಈಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 15.2 ಮತ್ತು 14 ಸೆಂಟಿಮೀಟರ್ ಆಕ್ಟೇವ್‌ನ ಕೀಲಿಮಣೆಗಳು ತಯಾರಾಗುತ್ತವೆ. ಬೆಲೆ ಹೆಚ್ಚು, ಭಾರತದಲ್ಲಿ ಸುಲಭವಾಗಿ ಸಿಗುವ ವಸ್ತುವಲ್ಲ. ಆದರೂ ಅಂಥದ್ದೊಂದು ಇದೆ ಎಂಬುದು ಆ ಮಗುವಿಗೆ ತಿಳಿದಿರಲಿ.

ಸಾಧನೆಯೇ ದಾರಿ:
ಅಂಕಿಗಳನ್ನು ನಾನು ಅಲ್ಲಗಳೆಯುತ್ತಿಲ್ಲ. ನನ್ನ ಭಯ ಬೇರೆ. ವಾದ್ಯವೇ ಸರಿಯಿಲ್ಲ ಎಂದು ಮಗುವಿಗೆ ಹೇಳಿಕೊಟ್ಟರೆ ಅದು ಕುಳಿತು ಅಭ್ಯಾಸ ಮಾಡುವುದೇ? 1993ರಲ್ಲಿ ಮನೋವಿಜ್ಞಾನಿ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದಾಗ, ಮುಂದಿದ್ದವರು ಚಿಕ್ಕಂದಿನಿಂದ ಒಟ್ಟುಗೂಡಿಸಿದ್ದ ಅಭ್ಯಾಸವೇ ಹೆಚ್ಚೆಂದು ಕಂಡಿತು. ಹುಟ್ಟುಗುಣ ಎಂಬ ಮಾತು ಬಡ ಮನೆಯ, ಸಂಗೀತದ ಹಿನ್ನೆಲೆ ಇಲ್ಲದ ಎಷ್ಟು ಮಕ್ಕಳನ್ನು ಹಿಂದಕ್ಕೆ ತಳ್ಳಿದೆ ಎಂದು ಯೋಚಿಸಿ.

ಅವಳಿ ಜವಳಿ:
ಅದಕ್ಕೆ ಇನ್ನೊಂದು ಮುಖವಿದೆ ಸರ್. ಸ್ವೀಡನ್ನಿನ ಸಾವಿರಾರು ಅವಳಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಂಗೀತ ಅಭ್ಯಾಸಕ್ಕೆ ಕೂರುವ ಒಲವೇ ಒಂದು ಮಟ್ಟಿಗೆ ಅನುವಂಶೀಯ ಎಂದು ಕಂಡುಬಂದಿತು. ಸ್ವರ, ಲಯಗಳನ್ನು ಗುರುತಿಸುವ ಪರೀಕ್ಷೆಯಲ್ಲಿ, ತದ್ರೂಪಿ ಅವಳಿಗಳಲ್ಲಿ ಹೆಚ್ಚು ಅಭ್ಯಾಸ ಮಾಡಿದವರು ಕಡಿಮೆ ಮಾಡಿದವರಿಗಿಂತ ಮುಂದೆ ಇರಲಿಲ್ಲ. ಆದರೆ ಆ ಪರೀಕ್ಷೆ ಅಳೆದದ್ದು ಕಿವಿಯನ್ನು, ವಾದನವನ್ನಲ್ಲ. ಬೆರಳಿಗೆ ಓಟ ಬರುವುದು ಅಭ್ಯಾಸದಿಂದಲೇ. ಈ ಮಗುವಿನ ಶಿಕ್ಷಕರೇ ಅವಳಿಗೆ ಕಿವಿ ಇದೆ ಎಂದಿದ್ದಾರೆ. ಹಾಗಾದರೆ ಬಿಡಿಸುವ ಮಾತೇಕೆ?

ಜಯನಗರದ ತಾಯಿ:
ಎಲ್ಲರಿಗೂ ವಂದನೆಗಳು. ಮೆಲ್ಬರ್ನ್ ಸರ್ ಬರೆದ ಹಾಫ್‌ಮನ್ ಕಥೆಯನ್ನು ಮಗಳಿಗೆ ಓದಿ ಹೇಳಿದೆ. ಅವನ ಧ್ವನಿಮುದ್ರಣ ಹುಡುಕಿಕೊಡು ಎಂದು ಹಿಂದೆ ಬಿದ್ದಿದ್ದಾಳೆ. ನನ್ನ ಕಷ್ಟ ಸದ್ಯದ್ದು. ಪರೀಕ್ಷೆಯ ಒಂದು ಕೃತಿಯಲ್ಲಿ ಎಡಗೈಗೆ ಸಾಲಾಗಿ ಆಕ್ಟೇವ್‌ಗಳಿವೆ. ಅದನ್ನು ನುಡಿಸಿದ ಮೇಲೆ ಕೈ ಒದರಿಕೊಳ್ಳುತ್ತಾಳೆ. ಏನು ಮಾಡಲಿ?

ಕಪ್ಪು ಬಿಳುಪು:
ಮೇಡಂ, ಆ ಕೃತಿಯನ್ನು ಬದಲಿಸಿ. ಪ್ರತಿ ಗ್ರೇಡಿನಲ್ಲೂ ಆಯ್ಕೆಗೆ ಹಲವು ಕೃತಿಗಳಿರುತ್ತವೆ. ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂ ನಡೆಸುವ ಪರೀಕ್ಷೆಯಾದರೆ, ಕೈ ಎಟಕದ ಕಡೆ ಸಂಗೀತ ಕೆಡದಂತೆ ಒಂದೆರಡು ಸ್ವರ ಬಿಡಲು ಅಥವಾ ಮರುಹೊಂದಿಸಲು ಪಠ್ಯಕ್ರಮವೇ ಅವಕಾಶ ಕೊಡುತ್ತದೆ. ಶಿಕ್ಷಕರಿಗೆ ಆ ಪುಟ ತೋರಿಸಿ. ಅಗಲವಾದ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ಬಂದರೆ ಕೆಳಗಿನ ಸ್ವರವನ್ನು ಮೊದಲು ಮುಟ್ಟಿ, ಪೆಡಲ್‌ನಲ್ಲಿ ಹಿಡಿದು, ಉಳಿದವನ್ನು ಸೇರಿಸಬಹುದು. ಎರಡನೆಯ ಕಾನ್ಚೆರ್ಟೊದ ಆರಂಭದಲ್ಲಿ ರಾಹ್ಮನಿನೋವ್ ಬರೆದ ಕಾರ್ಡ್‌ಗಳನ್ನು ಎಷ್ಟೋ ಪ್ರಸಿದ್ಧ ವಾದಕರು ಹೀಗೆ ಒಡೆದೇ ನುಡಿಸುತ್ತಾರೆ. ಎರಡು ವರ್ಷ ಬಾಖ್‌ನ ಎರಡು ದನಿಯ ಇನ್ವೆನ್ಷನ್‌ಗಳು, ಸ್ಕಾರ್ಲಾಟಿಯ ಸುಲಭ ಸೊನಾಟಗಳು, ಮೊಜಾರ್ಟ್, ಇಷ್ಟರಲ್ಲಿ ಮುಳುಗಿರಲಿ. ಇವು ಅಗಲವಾದ ಕೈಯನ್ನು ಬೇಡುವುದು ಅಪರೂಪ; ಬೆರಳಿಗೂ ಕಿವಿಗೂ ಬೇಕಾದಷ್ಟು ಕೆಲಸ ಕೊಡುತ್ತವೆ. ಅವಳ ಪಟ್ಟಿಯಲ್ಲಿರುವ ಉಳಿದ ಕೃತಿಗಳ ಹೆಸರುಗಳನ್ನು ಇಲ್ಲಿ ಬರೆಯಿರಿ, ಯಾವುದು ಅವಳ ಕೈಗೆ ಹೊಂದುತ್ತದೆ ಎಂದು ನೋಡಿ, ಯಾವ ಸ್ವರಕ್ಕೆ ಯಾವ ಬೆರಳು ಎಂದು ಗುರುತು ಹಾಕಿ ಕಳುಹಿಸುತ್ತೇನೆ.