ಸಹಾಯ ಬೇಕು: ಗೋಧಿಯ ಎರಡೂ ತಳಿಯ ಬೇರು ನೇರಳೆ ಆಗ್ತಿದೆ

ಅಲ್ಯೂಮಿನಿಯಂ ವಿಷ ತಾಳುವ ಅಟ್ಲಾಸ್ 66, ತಾಳದ ಸ್ಕೌಟ್ 66, ಎರಡರ ಬೇರುತುದಿಯೂ ಹೆಮಟಾಕ್ಸಿಲಿನ್‌ಗೆ (ಅಲ್ಯೂಮಿನಿಯಂ ಸೇರಿದ ಕಡೆ ನೇರಳೆಯಾಗುವ ಬಣ್ಣ) ಒಂದೇ ಸಮ ನೇರಳೆ.

ನಾಲ್ಕು ದಿನದ ಸಸಿ, 0.5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ 50 ಮೈಕ್ರೋಮೋಲಾರ್ ಅಲ್ಯೂಮಿನಿಯಂ ಕ್ಲೋರೈಡ್, 24 ಗಂಟೆ. ಬಣ್ಣ 0.2%, ಪೊಟ್ಯಾಸಿಯಂ ಅಯೋಡೇಟ್ 0.02%, 15 ನಿಮಿಷ. ಫಾಸ್ಫೇಟ್ ಹಾಕಿಲ್ಲ, ಹಾಕಿದರೆ ಅಲ್ಯೂಮಿನಿಯಂ ಅದಕ್ಕೇ ಕಟ್ಟಿಕೊಳ್ಳುತ್ತದೆ. ಪಿಎಚ್ ಮಾತ್ರ 4.3ರಿಂದ ಸಂಜೆಗೆ 4.7ಕ್ಕೆ ಏರಿರುತ್ತದೆ. ಪಿಎಚ್ ಏರಿದಾಗ ಆಗುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಬೇರಿನ ಹೊರಮೈಗೆ ಅಂಟಿ ಬಣ್ಣ ಹಿಡಿಯುತ್ತಿದೆಯೇ? ಅಥವಾ ಇಷ್ಟು ತೆಳು ದ್ರಾವಣದಲ್ಲಿ 50 ಜಾಸ್ತಿಯಾಗಿ, ಅಲ್ಯೂಮಿನಿಯಂ ಕಟ್ಟಿಹಾಕಲು ಅಟ್ಲಾಸ್ ಬೇರು ಹೊರಬಿಡುವ ಮ್ಯಾಲೇಟ್ ಸಾಲದೇ ಹೋಗ್ತಿದೆಯೇ? ನನಗೆ ಎರಡನೆಯದರ ಮೇಲೇ ಅನುಮಾನ.

ಇವೆರಡು ತಳಿ ಸ್ಪಷ್ಟವಾಗಿ ಬೇರ್ಪಡುವ ಪ್ರಮಾಣ ಎಷ್ಟು? ಬಣ್ಣಕ್ಕೆ ಮುಂಚೆ ಎಷ್ಟು ಹೊತ್ತು ನೀರಲ್ಲಿ ತೊಳೀತೀರಿ? ಬೀಜ ಬೆರಕೆ ಅನ್ನುವವರಿಗೆ: ಮ್ಯಾಲೇಟ್ ಹೊರಬಿಡಿಸುವ ಟಿಎಎಎಲ್‌ಎಂಟಿ1 ವಂಶವಾಹಿಯ ಪ್ರೊಮೋಟರ್ ಪಿಸಿಆರ್‌ನಲ್ಲಿ ಪಟ್ಟಿಗಳು ಬೇರೆ ಬೇರೆಯೇ ಬಂದಿವೆ.